ತಿಳಿದುಬಂದಿದೆ

ಒದ್ದೆ ಬೆರಳು, ಅದು ಊರಿದ ಕಡೆಯೆಲ್ಲ ಪೇಪರಿನ ಮಸಿ ಕದಡಿ ಬೂದು ಕಲೆ — ರೇಷ್ಮೆಗೂಡು ಬೇಯುವ ಬಿಸಿನೀರಲ್ಲಿ ದಿನವಿಡೀ ಅದ್ದಿ ಅದ್ದಿ ಬೆಳ್ಳಗೆ ಸುಕ್ಕಾದ ತುದಿ, ಮುನಿಯಮ್ಮ ನೂಲು ಬಿಚ್ಚುವ ಕೆಲಸ ಅರ್ಧಕ್ಕೆ ಬಿಟ್ಟು, ಕೈ ಕೂಡ ಒರೆಸಿಕೊಳ್ಳದೆ ನಮ್ಮ ಪತ್ರಿಕೆ ಆಫೀಸಿಗೆ ಬಂದಿದ್ದಾಳೆ, ಎಲ್ ಬರ್ದವ್ರೆ ತೋರ್ಸವ್ವ, ನಂಗೆ ಓದಕ್ ಬರಕಿಲ್ಲ, ಅಂದಾಗ ನಾನೇ ಆ ಬೆರಳು ಹಿಡಿದು ಸಾಲಿನ ಮೇಲಿಟ್ಟೆ, ಹಾರೋಹಳ್ಳಿ ಕಾರ್ಖಾನೆಗೆ ಹೋದ ಯುವತಿ ದಿವ್ಯ ಯುವಕನೊಬ್ಬನೊಂದಿಗೆ ಪರಾರಿಯಾಗಿದ್ದಾಳೆ ಎಂದು ತಿಳಿದುಬಂದಿದೆ, ಯಾರ್ಗವ್ವ ತಿಳ್ದದ್ದು, ಯಾರ್ ಬಂದ್ ಯೋಳುದ್ರು ನಿಮ್ಗೆ — ಏನು ಹೇಳಲಿ, ಯಾರೂ ಹೇಳಿಲ್ಲ ಮುನಿಯಮ್ಮ, ಪೊಲೀಸ್ ಸ್ಟೇಷನ್ ಮುಂದಿನ ಟೀ ಅಂಗಡಿಯಲ್ಲಿ ಯಾರೋ ಆಡಿದ ಮಾತು ನಮ್ಮ ವರದಿಗಾರನ ಕಿವಿಗೆ ಬಿತ್ತು, ಅಷ್ಟೇ. ಅವಳ ಮಗಳು ದಿವ್ಯ ಇಲ್ಲೇ ಕೂತಿದ್ದಾಳೆ, ನಮ್ಮದೇ ಬೆಂಚಿನ ಮೇಲೆ, ತಲೆ ಎತ್ತುತ್ತಿಲ್ಲ, ಕಾರ್ಖಾನೆಯಲ್ಲಿ ಪಕ್ಕದ ಮಿಷಿನ್ನಿನ ಅನೀಸಾ ತಲೆಸುತ್ತಿ ಬಿದ್ದಳಂತೆ, ಇವಳು ಆಟೋದಲ್ಲಿ ಅವಳೂರು ಮರಳವಾಡಿಗೆ ಬಿಟ್ಟು ಬರಲು ಹೋದವಳು ಗಂಜಿ ಕಾಯಿಸಿ ಕೊಟ್ಟು ರಾತ್ರಿ ಅಲ್ಲೇ ಉಳಿದಳಂತೆ, ಫೋನು ನೀರಿನ ಡ್ರಮ್ಮಿಗೆ ಬಿದ್ದಿತ್ತಂತೆ, ಇಷ್ಟೇ ಪರಾರಿ, ಥೂ. ಶುಕ್ರವಾರ ಕನಕಪುರದಿಂದ ಗಂಡಿನೋರು ಹೆಣ್ಣು ನೋಡಕ್ ಬರ್ಬೇಕಿತ್ತು, ಬೆಳಿಗ್ಗೆ ಫೋನ್ ಮಾಡಿ ಒಸಿ ದಿನ ಬುಟ್ಟು ನೋಡವ ಅಂದ್ಬುಟ್ರು ಕಣವ್ವ, ನಾಳೆ ಪೇಪರ್ನಾಗೆ ಸರಿಯಾಗಿ ಬಂದ್ರೆ ತಗೊಂಡೋಗಿ ಅವ್ರ ಮುಂದೆ ಇಡ್ತೀನಿ, ಆ ಮಾತೊಂದು ಇರ್ಬಾರ್ದು, ಆ ತಿಳ್ದುಬಂದದೆ ಅನ್ನೋದು — ಇರಲ್ಲ ಮುನಿಯಮ್ಮ, ನಾನು ಹೇಳಿಬಿಟ್ಟೆ, ಯಾವ ಧೈರ್ಯದ ಮೇಲೆ ಹೇಳಿದೆನೋ.

ವೆಂಕಟಯ್ಯ ಸಾರ್ ಗಾಜಿನಾಚೆ ಕನ್ನಡಕ ಒರೆಸುತ್ತಿದ್ದಾರೆ, ಸಂಪಾದಕರೂ ಅವರೇ, ಮಾಲೀಕರೂ ಅವರೇ, ಜಾಹೀರಾತು ಕೇಳಲು ಹೋಗುವವರೂ ಅವರೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಷ್ಟು ಸಲ ಹೇಳಿದ್ದರು, ಬೆಂಗಳೂರಿನ ಡೆಸ್ಕಲ್ಲಿ ಟೆಲಿಪ್ರಿಂಟರ್ ಕಟಕಟ ಅಂತ ಇಂಗ್ಲಿಷ್ ಕಕ್ಕುತ್ತಿತ್ತಮ್ಮಾ ರಮ್ಯಾ, ಮೂರು ಸುದ್ದಿಗೊಂದು ಇಟ್ ಈಸ್ ಲರ್ನ್ಟ್, ನಾವು ತಿಳಿದುಬಂದಿದೆ ಅಂತ ಇಳಿಸ್ತಾ ಇದ್ವಿ, ಆಗ ಆ ಲರ್ನ್ಟ್‌ಗೆ ತೂಕ ಇತ್ತು, ವರದಿಗಾರ ಆಫೀಸರ ಬಾಗಿಲಲ್ಲಿ ಗಂಟೆಗಟ್ಟಲೆ ಕಾದು, ಕಿವಿಯಾರೆ ಕೇಳಿ, ಬರೆಯುವಾಗ ಹೆಸರೊಂದನ್ನು ಮಾತ್ರ ನುಂಗ್ತಿದ್ದ — ಹೇಳುವಾಗ ಅವರ ಕಣ್ಣು ತೇವವಾಗುತ್ತಿತ್ತು, ಅದಕ್ಕೇ ನನಗೆ ಮೈ ಉರಿಯುವುದು, ಗೊತ್ತಿಲ್ಲದವರಾಗಿದ್ದರೆ ಕ್ಷಮಿಸಬಹುದಿತ್ತು, ಈಗ ಕೇಳುವುದು ಹೋಗಿದೆ, ನುಂಗುವುದೊಂದೇ ಉಳಿದಿದೆ. ನಾನು ಕೇಳಿದೆನಲ್ಲ, ಅನೀಸಾಗೆ ಫೋನ್ ಮಾಡಿದೆ, ಅಕ್ಕಾ ಅವ್ಳು ನನ್ ಪಕ್ಕದಲ್ಲೇ ಮಲ್ಗಿದ್ಲು ಅಂದಳು, ಬರೆದೆ — ದಿವ್ಯ ಗೆಳತಿಯ ಆರೈಕೆಗೆ ಮರಳವಾಡಿಗೆ ಹೋಗಿದ್ದರು, ನಿನ್ನೆಯ ಸುದ್ದಿ ತಪ್ಪು, ವಿಷಾದಿಸುತ್ತೇವೆ. ಸಾರ್ ನೋಡಿದರು, ಇಷ್ಟು ಬೋಳು ಬೋಳಾಗಿ ಬರೀಬಾರ್ದಮ್ಮಾ, ಹೋಗಿದ್ದರು ಎಂದು ತಿಳಿದುಬಂದಿದೆ ಅನ್ನು, ಸಾರ್ ಹುಡುಗಿ ಇಲ್ಲೇ ಕೂತಿದ್ದಾಳೆ ಅಂದೆ, ಇರಲಿ, ಮರಳವಾಡಿಗೆ ನೀನು ಹೋಗಿ ನೋಡಿದ್ಯಾ, ನಿನ್ನೆ ಪರಾರಿ ಆಗಿದ್ದನ್ನ ಯಾರು ಹೋಗಿ ನೋಡಿದ್ರು ಸಾರ್ — ನಕ್ಕರು, ಕೇಸು ಗೀಸು ಆದ್ರೆ ಆ ಮಾತೇ ನಮ್ಮನ್ನ ಕಾಯೋದು ಅಂದರು. ನಮ್ಮನ್ನ ಸರಿ, ಇವಳನ್ನ ಕಾಯುವುದು ಯಾವುದು. ಅಳಿಸಿದೆ, ಸೇರಿಸಿದರು, ಮತ್ತೆ ಅಳಿಸಿದೆ, ಎದ್ದು ಬಂದು ನನ್ನ ಕೀಬೋರ್ಡ್ ಪಕ್ಕಕ್ಕೆ ಎಳೆದುಕೊಂಡು ಆ ಮಾತು ಕೊನೆಯ ಸಾಲಿಗೆ ಬರುವಂತೆ ತಾವೇ ಕುಟ್ಟಿದರು.

ಪ್ರಿಂಟರ್ ಗರಗರ ಅಂದು ನಾಳೆಯ ಪುಟ ಹೊರಗೆ ಬಿಟ್ಟಿತು, ಮಸಿ ಇನ್ನೂ ಹಸಿ, ಸಾರ್ ಅದನ್ನು ಮುನಿಯಮ್ಮನ ಕೈಗೇ ಕೊಟ್ಟು, ಆಯ್ತಲ್ಲಮ್ಮಾ ನೆಮ್ಮದಿಯಾಗಿ ಹೋಗು ಅಂದು ಒಳಗೆ ಹೋದರು, ಅವಳು ನನ್ನ ಮೇಜಿನ ಮೇಲೆ ಹರವಿದಳು, ಈಗ ಎಲ್ಲೈತೆ ಗೊತ್ತಾಯ್ತು ಅವ್ವ, ನನ್ ಮಗ್ಳ ಫೋಟೋ ಕೆಳಗೆ ತಾನೇ, ದಿವ್ಯ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಾಳೆ, ಅವಳಿಗೆ ಓದಲು ಬರುತ್ತದೆ, ಅವಳು ಓದಿ ಆಗಿದೆ, ಮುನಿಯಮ್ಮ ಮೊದಲ ಸಾಲು ಸವರಿದಳು, ಎರಡನೇದು, ಅಕ್ಷರದ ಮೇಲೆ ಅಕ್ಷರ ಕದಡುತ್ತಾ, ಕೊನೆಯ ಸಾಲಿಗೆ ಬಂದು ನಿಂತಳು, ಆ ಮಾತು ತೆಗ್ದವ್ರೆ ತಾನೇ ಅವ್ವ, ಇಲ್ಲೆಲ್ಲೂ ಇಲ್ಲ ತಾನೇ — ಹೇಳಬೇಕು, ಹೇಳುತ್ತೇನೆ, ಮುನಿಯಮ್ಮ — ಅದರ ಮೇಲೆಯೇ ಇದೆ, ಸುಕ್ಕಾದ, ಬೆಳ್ಳಗಿನ, ಒದ್ದೆ ಬೆರಳು