ಕಪ್ಪುಹಲಗೆಯ ಮೇಲೆ ಅದೇ ಲೆಕ್ಕ

ಬೆಳಗಿನ ಪ್ರಾರ್ಥನೆ ಮುಗಿಸಿ ನಾನು ಅಡುಗೆಮನೆಗೆ ಬಂದಾಗ ಮೊಮ್ಮಗಳು ಗುಬ್ಬಿ ಒಲೆಯ ಪಕ್ಕದಲ್ಲಿ ಪುಸ್ತಕ ಹರಡಿಕೊಂಡು ಹಾಲು ಕಾಯಿಸುತ್ತಿದ್ದಳು. ಹಾಲು ಉಕ್ಕುವುದೂ ಇವಳ ಲೆಕ್ಕ ತಪ್ಪುವುದೂ ಒಟ್ಟಿಗೇ. ಅದನ್ನು ನೋಡಿ ನಗುತ್ತಿದ್ದವಳು ಇವಳ ಅಕ್ಕ. ಅವಳು ಹೋಗಿ ವರ್ಷವಾಗುತ್ತ ಬಂತು. ದೇವರು ಕೊಟ್ಟ, ದೇವರೇ ಕರೆದುಕೊಂಡ ಎಂದು ಜನ ಸಮಾಧಾನ ಹೇಳಿದರು. ನಾನು ದೇವರನ್ನು ನಂಬಿದವನು. ಅದಕ್ಕೇ ಆ ಮಾತನ್ನು ನಂಬಲಿಲ್ಲ.

ಅಂದು ಗುಬ್ಬಿಯ ಶಾಲೆಯ ಹೆಡ್‌ಮಾಸ್ತರರು ತಾವಾಗಿಯೇ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಚೀಲ. ಹೋದ ವರ್ಷವೂ ಪರೀಕ್ಷೆಗೆ ಮುಂಚೆ ಹೀಗೆಯೇ ಬಂದಿದ್ದರು, ಹೀಗೆಯೇ ಹಣ್ಣು ತಂದಿದ್ದರು.

“ಯಜಮಾನ್ರೇ, ಮಗು ಲೆಕ್ಕದಲ್ಲಿ ಹಿಂದೆ. ಫೇಲಾದ್ರೆ ಓದೇ ಬಿಟ್ಬಿಡ್ತಾಳೆ. ಅಂಥವರಿಗೇ ಅಂತ ಸರ್ಕಾರ ಕಾನೂನು ಮಾಡಿ ಆಸರೆ ಶಾಲೆ ತೆರೆದಿದೆ. ಅಲ್ಲಿಗೆ ಹಾಕೋಣ. ಓದಿನ ಜೊತೆ ಕೆಲಸಾನೂ ಕಲೀತಾಳೆ.”

ನನ್ನ ಮಗ ವೆಲ್ಡಿಂಗ್ ಕೆಲಸದವನು. ಕಬ್ಬಿಣದ ಮುಂದೆ ಹುಲಿ, ಮೇಷ್ಟರ ಮುಂದೆ ಇಲಿ. “ನೀವು ಹೇಳಿದ ಮೇಲೆ ಮುಗೀತು ಸಾರ್,” ಎಂದು ಕೈಮುಗಿದ.

ನಮ್ಮ ಬೀದಿಯ ರೂಢಿಯೇ ಅದು. ಪರೀಕ್ಷೆ ಹತ್ತಿರವಾದಾಗ ಹಿಂದುಳಿದ ಮಕ್ಕಳನ್ನು ಆಸರೆ ಶಾಲೆಗೆ ಸಾಗಿಸುತ್ತಾರೆ. ಹೆತ್ತವರು ಉಪಕಾರವಾಯಿತೆಂದು ಕೈಮುಗಿಯುತ್ತಾರೆ. ಮೇಷ್ಟರ ಶಾಲೆಯ ಗೇಟಿಗೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರ್ ಏರುತ್ತದೆ. ಹೋದ ಮಗು ಆ ಗೇಟಿನೊಳಗೆ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಹಿರಿಯ ಮೊಮ್ಮಗಳನ್ನು ಆಸರೆ ಶಾಲೆಯಿಂದ ‘ತರಬೇತಿ’ ಎಂದು ಲಾಂಡ್ರಿಗೆ ಕಳಿಸಿದರು. ಅಲ್ಲಿ ಬಾಯ್ಲರ್ ಸಿಡಿಯಿತು.

ರಜೆಗೆ ಬಂದಿದ್ದ ನನ್ನ ಮಗಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೋದ ವರ್ಷ ಇವಳ ಕಿವಿಗೆ ಬೀಳುವ ಮೊದಲೇ ಎಲ್ಲ ಮುಗಿದಿತ್ತು.

“ಸಾರ್, ನಾನೂ ನಾನಿರೋ ಊರಿನ ಆಸರೆ ಶಾಲೇಲೇ ಪಾಠ ಮಾಡೋದು. ನಮ್ಮಲ್ಲಿಗೆ ಬಂದ ಮಕ್ಕಳು ಪರೀಕ್ಷೆ ಬರೆದು ವಾಪಸ್ ಹೋಗ್ತಾರೆ. ಕಾನೂನು ಒಳ್ಳೇದೇ, ಆದ್ರೆ ಪೂರ್ತಿ ಹೇಳಿ. ಮೊದಲು ಶಾಲೆ ತೋರಿಸ್ಬೇಕು. ಮಗು ಒಪ್ಪಬೇಕು. ಸುಧಾರಿಸಿದ್ರೆ ನೀವು ಮತ್ತೆ ಸೇರಿಸ್ಕೋಬೇಕು. ಅದನ್ನೆಲ್ಲ ಯಾಕೆ ನುಂಗ್ತೀರಿ?”

“ಅಯ್ಯೋ ತಾಯಿ, ಅದೆಲ್ಲ ಕಾಗದದ ಮೇಲಿನ ಮಾತು.”

“ಕಾನೂನು ಅಂದೋರೂ ನೀವೇ, ಕಾಗದ ಅನ್ನೋರೂ ನೀವೇನಾ?”

ಮಗ ಸಿಡುಕಿದ: “ಸುಮ್ನಿರೇ! ದೊಡ್ಡೋರ ಹತ್ರ ವಾದ ಮಾಡ್ತೀಯಾ? ನಾಳೆ ಮಗೂಗೆ ತೊಂದ್ರೆ ಕೊಟ್ರೆ?”

“ದೊಡ್ಡ ಮಗೂಗೆ ಏನು ಸುಖ ಸಿಕ್ತು, ಅಣ್ಣಾ?”

ನಾನು ಕೋಲು ಎತ್ತಿಕೊಂಡೆ. “ಬನ್ನಿ ಮೇಷ್ಟ್ರೇ, ಈಗಲೇ ನೋಡಿ ಬರೋಣ.”

ಮೇಷ್ಟರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಯಿತು. ನಾವು ಬಿಡಲಿಲ್ಲ; ಗುಬ್ಬಿಯನ್ನೂ ಕರೆದುಕೊಂಡು ಎಲ್ಲರೂ ಹೊರಟೆವು.

ಆಸರೆ ಶಾಲೆ ಮಾರುಕಟ್ಟೆಯ ಗೋದಾಮಿನ ಹಿಂದಿನ ಕೋಣೆ. ಬೆಂಚುಗಳನ್ನು ಗೋಡೆಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೆಲದ ಮೇಲೆ ಹುಡುಗಿಯರು ಕೂತು ಮೇಣದಬತ್ತಿಗಳನ್ನು ಡಬ್ಬಿಗೆ ತುಂಬುತ್ತಿದ್ದರು.

“ಇಲ್ಲಿ ಪಾಠ ಮಾಡೋ ಮೇಷ್ಟ್ರು ಯಾವಾಗ ಬರ್ತಾರೆ?” ಗುಬ್ಬಿ ಕೇಳಿದಳು.

“ಸಾಹೇಬ್ರು ತಪಾಸಣೆಗೆ ಬರೋ ದಿನ,” ಎಂದಳು ಒಬ್ಬಳು, ತಲೆಯೆತ್ತದೆ.

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕವಿತ್ತು: ತೊಟ್ಟಿಯೊಂದು, ತುಂಬುವ ನಲ್ಲಿಯೊಂದು, ಸೋರುವ ತೂತೊಂದು. ಹೋದ ವರ್ಷ ಹಿರಿಯ ಮೊಮ್ಮಗಳು ಮರೆತ ಬುತ್ತಿಯನ್ನು ತಂದುಕೊಟ್ಟಾಗ ಬಾಗಿಲಲ್ಲೇ ನಿಂತು ಇದೇ ಲೆಕ್ಕವನ್ನು ಇದೇ ಹಲಗೆಯ ಮೇಲೆ ಓದಿದ್ದೆ.

“ಇದು ನಿನ್ನ ಅಕ್ಕ ಇದ್ದಾಗಿನ ಲೆಕ್ಕ ಮಗಾ,” ಎಂದೆ.

ಮಗ ಹಲಗೆಯ ಹತ್ತಿರ ಹೋಗಿ ಬೆರಳಿನಿಂದ ಉಜ್ಜಿದ. ಸೀಮೆಸುಣ್ಣ ಹಲಗೆಗೆ ಕಚ್ಚಿಕೊಂಡುಬಿಟ್ಟಿತ್ತು.

“ಏನಮ್ಮಾ, ಬರ್ತೀಯಲ್ಲ?” ಮೇಷ್ಟರು ಗುಬ್ಬಿಯನ್ನು ಅವಸರಪಡಿಸಿದರು.

ಗುಬ್ಬಿ ನನ್ನ ಕೈ ಹಿಡಿದುಕೊಂಡಳು. “ಈ ಲೆಕ್ಕ ನಂಗೆ ಬರಲ್ಲ ಸಾರ್. ನಮ್ಮ ಶಾಲೇಲಾದ್ರೆ ಬೈದಾದ್ರೂ ಹೇಳಿಕೊಡ್ತಾರೆ. ಇಲ್ಲಿ ಯಾರನ್ನ ಕೇಳ್ಲಿ? ನಾನು ಒಪ್ಪಲ್ಲ.”

ಮೇಷ್ಟರು ನನ್ನ ಮಗನ ಮುಖ ನೋಡಿದರು. ಅವನು ಈ ಸಲ ಕೈಮುಗಿಯಲಿಲ್ಲ. “ಮಗು ಒಪ್ಪಬೇಕಂತೆ ಸಾರ್,” ಎಂದ. “ಒಪ್ಪಲಿಲ್ಲ.”

ಹೆತ್ತವರೇ, ಹಣ್ಣು ತಂದವರನ್ನು ಕೂರಿಸಿ ಉಪಚರಿಸಿ, ಬೇಡವೆನ್ನುವುದಿಲ್ಲ. ಆದರೆ ಮಗುವನ್ನು ಒಪ್ಪಿಸುವ ಮೊದಲು ಅವರು ಹೇಳುವ ಶಾಲೆಯ ಬಾಗಿಲು ತೆಗೆಸಿ ನೋಡಿ.

ನಾವು ಹೊರಡುವಾಗ, ತಲೆಯೆತ್ತದೆ ಮಾತಾಡಿದ್ದ ಆ ಹುಡುಗಿ ಡಬ್ಬಿಯನ್ನು ಕೆಳಗಿಟ್ಟಳು. “ಅಕ್ಕಾ, ಒಪ್ಪಲ್ಲ ಅಂತ ನಾವೂ ಹೇಳ್ಬೋದಾ?”

ನನ್ನ ಮಗಳು ಬಾಗಿಲಿನಿಂದ ಹಿಂತಿರುಗಿದಳು. ಗೋಡೆಗೆ ಪೇರಿಸಿದ್ದ ಬೆಂಚುಗಳಲ್ಲಿ ಒಂದನ್ನು ಇಳಿಸತೊಡಗಿದಳು. ಅದರ ಇನ್ನೊಂದು ತುದಿಯನ್ನು ನನ್ನ ಮಗ ಹಿಡಿದ.