ಮೀನಿನ ನೀರು ಬಿದ್ದ ತಿರುವು

ಬೆಳಗಾದರೆ ಸಾಕು, ಕಾರವಾರದ ಬಂದರಿನಿಂದ ಹತ್ತಾರು ಬೈಕುಗಳು ಮೀನು ಹೊತ್ತು ಹೊರಡುತ್ತವೆ. ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಡ್ರಮ್ಮು, ಡ್ರಮ್ಮಿನೊಳಗೆ ಬಂಗುಡೆ, ಬಂಗುಡೆಯ ಮೇಲೆ ಐಸು. ದೇವಿದಾಸನದೂ ಅಂಥದೇ ಒಂದು ಬೈಕು. ಹದಿನಾಲ್ಕು ವರ್ಷದಿಂದ ಅವನು ಬಿಣಗಾದ ಏರು ಹತ್ತಿ, ಚೆಂಡಿಯಾ ದಾಟಿ, ಅಂಕೋಲೆಯವರೆಗೆ ಮನೆಮನೆಗೆ ಮೀನು ಕೊಡುತ್ತಿದ್ದ. ಅವನ ಹತ್ತಿರ ಹೆಲ್ಮೆಟ್ ಇರಲಿಲ್ಲ ಅಂತಲ್ಲ, ಇತ್ತು. ಹ್ಯಾಂಡಲಿಗೆ ನೇತಾಡುತ್ತಿತ್ತು. ಅದರೊಳಗೆ ತಕ್ಕಡಿಯ ತೂಕದ ಕಲ್ಲುಗಳು ಸುಖವಾಗಿ ಕೂತಿರುತ್ತಿದ್ದವು. ಕಲ್ಲಿಗೆ ಪೆಟ್ಟಾದೀತೆಂಬ ಚಿಂತೆ ಇದ್ದ ಮನುಷ್ಯನಿಗೆ ತಲೆಯ ಚಿಂತೆ ಇರಲಿಲ್ಲ, ನೋಡಿ!

ಡ್ರಮ್ಮಿನ ತಳದಲ್ಲಿ ಒಂದು ತೂತು, ತೂತಿಗೆ ಬಟ್ಟೆ ಸುತ್ತಿದ ಮರದ ಬೂಚು. ಏರು ಶುರುವಾಗುವ ಹೊತ್ತಿಗೆ ಐಸು ಕರಗಿ ನೀರಾಗಿ, ಬೈಕು ಭಾರಕ್ಕೆ ಏದುಸಿರು ಬಿಡುತ್ತಿತ್ತು. ಆಗ ದೇವಿದಾಸ ಗಾಡಿ ನಿಲ್ಲಿಸದೆ ಎಡಗೈ ಹಿಂದಕ್ಕೆ ಚಾಚಿ ಬೂಚು ಎಳೆದುಬಿಡುತ್ತಿದ್ದ. ಮೀನಿನ ಜಿಡ್ಡು ನೀರು ತಿರುವಿನುದ್ದಕ್ಕೂ ಸುರಿದು, ಇಳಿಜಾರಿನಲ್ಲಿ ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ಗಾಡಿ ಹಗುರಾಗುತ್ತಿತ್ತು.

ಒಂದು ದಿನ ಹಾಗೆ ನೀರು ಬಿಟ್ಟು ಮುಂದೆ ಹೋದಾಗ ಹಿಂದೆ ಯಾರದೋ ಟೈರು ಕಿರುಚಿದ ಸದ್ದು ಕೇಳಿತು. ಅವನು ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಬೇಕಾಗುತ್ತಿತ್ತಲ್ಲ! ಅವತ್ತಿನಿಂದ ಆ ತಿರುವು ಬಂದಾಗೆಲ್ಲ ಆ ಸದ್ದು ನೆನಪಾಗುತ್ತಿತ್ತು. ಆದರೂ ಕೈ ತನ್ನಷ್ಟಕ್ಕೆ ಬೂಚಿಗೆ ಹೋಗುತ್ತಿತ್ತು.

ಅವನ ಹೆಂಡತಿ ದುರ್ಗಾಳ ತಂಗಿ ಪೂರ್ಣಿಮಾ, ಆರೋಗ್ಯ ಕೇಂದ್ರದಲ್ಲಿ ನರ್ಸು. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವಳು ತಟ್ಟೆಯ ಮುಂದೆ ಕೂತೇ ಮಾತು ತೆಗೆದಳು.

"ಭಾವಾ, ಈ ವಾರ ಮೂರು ಜನ ಆ ಬಿಣಗಾ ತಿರುವಲ್ಲಿ ಜಾರಿ ಬಿದ್ದು ಬಂದ್ರು. ಗಾಯ ತೊಳೆಯೂಕೆ ಹೋದ್ರೆ ಮೀನಿನ ವಾಸನೆ. ನೀವು ಅಲ್ಲೇ ಬೂಚು ತೆಗೆಯೂದು ಅಲ್ದಾ?"

"ನಾನೊಬ್ನೇ ತೆಗೀತ್ನಾ? ಎಲ್ಲರೂ ತೆಗೀತಾರೆ. ಮೀನಿನ ಲಾರಿಯವ್ರು ಕೊಡಗಟ್ಲೆ ಚೆಲ್ತಾರೆ. ಅದಿರಿನ ಲಾರಿಯವ್ರು ರಸ್ತೆ ತುಂಬ ಕೆಂಪು ಪುಡಿ ಉದುರಿಸ್ತಾರೆ. ಹೋಗು, ಅವ್ರಿಗೆ ಹೇಳು."

"ಲಾರಿಯವ್ರು ನಮ್ಮನೆಗೆ ಊಟಕ್ಕೆ ಬರೂದಿಲ್ಲ. ನೀವು ಸಿಕ್ಕಿದ್ರಿ, ನಿಮಗೇ ಹೇಳೂದು."

ದುರ್ಗಾ ಬಾಯಿಗೆ ಸೆರಗು ಹಿಡಿದು ನಕ್ಕಳು. ದೇವಿದಾಸನಿಗೆ ಸಿಟ್ಟು ಬಂತು.

"ಹದಿನಾಲ್ಕು ವರ್ಷ ಆಯ್ತು ಮಾರಾಯ್ತಿ, ಒಂದ್ಸಲನೂ ಬಿದ್ದಿಲ್ಲ ನಾನು."

"ನೀವು ಹೇಗೆ ಬೀಳ್ತ್ರಿ ಭಾವಾ? ನೀರು ನಿಮ್ಮ ಹಿಂದೆ ಅಲ್ದಾ ಇರೂದು?" ಪೂರ್ಣಿಮಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ನಿಮ್ಮಪ್ಪ ದೋಣಿ ನೂಕೂಕಿಂತ ಮೊದ್ಲು ಒಂದು ಬೀಡಿ ಮುಗಿಯುವಷ್ಟು ಹೊತ್ತು ಸಮುದ್ರ ನೋಡ್ತಾ ನಿಲ್ತಿದ್ರಂತೆ. ಗಾಳಿ ಎಲ್ಲಿಂದ, ತೆರೆ ಎಲ್ಲಿ ಮಗುಚ್ತದೆ ಅಂತ. ರಸ್ತೆ ಅಂದ್ರೆ ಮಾತ್ರ ನಿಮಗೆ ಎಂತಾ ಧೈರ್ಯ ರೀ? ತಿರುವಿನ ಆಚೆ ಎಂತ ಅದೆ ಅಂತ ಕಾಣೂದಿಲ್ಲ. ಕಾಣೂದಿಲ್ಲ ಅಂದ್ರೆ ಅಲ್ಲಿ ಏನೋ ಅದೆ ಅಂತ್ಲೇ ತಿಳ್ಕಂಡು ನಿಧಾನ ಮಾಡ್ಬೇಕು."

"ಆಯ್ತು ಡಾಕ್ಟ್ರೇ" ಎಂದು ದೇವಿದಾಸ ಕೈ ತೊಳೆಯಲು ಎದ್ದ. ಆಗಷ್ಟೇ ಲೈಸೆನ್ಸ್ ಮಾಡಿಸಿಕೊಂಡಿದ್ದ ಅವನ ಮಗ ರೋಷನ ಮಾತ್ರ ಎದ್ದಿರಲಿಲ್ಲ. ಮಾವಶಿಯ, ಅಂದರೆ ಚಿಕ್ಕಮ್ಮನ, ಮಾತು ಕೇಳುತ್ತ ಕೂತಿದ್ದ.

ಅದಾಗಿ ಎಂಟು ದಿನ. ಸೋಮವಾರ. ಮಗಳು ಸಪ್ನಾಳಿಗೆ ಅಂಕೋಲೆಯಲ್ಲಿ ಪರೀಕ್ಷೆ. ಅಣ್ಣ ರೋಷನ ತನ್ನ ಬೈಕಿನಲ್ಲಿ ಬಿಟ್ಟು ಬರುವುದೆಂದಾಗಿತ್ತು. ದೇವಿದಾಸ ಅವರಿಗಿಂತ ಸ್ವಲ್ಪ ಮೊದಲೇ ಹೊರಟ. ತಿರುವು ಬಂತು, ಬೂಚು ಎಳೆದ, ನೀರು ಬಿತ್ತು.

ಚೆಂಡಿಯಾದಲ್ಲಿ ಅವನ ಮೊದಲ ಗಿರಾಕಿ ಬೀರಿ. ನೌಕಾನೆಲೆಗೆ ಗದ್ದೆ ಹೋದ ಮೇಲೆ ಪುನರ್ವಸತಿ ಕಾಲೊನಿಯಲ್ಲಿ ಮನೆ ಕಟ್ಟಿಕೊಂಡು ಕೂಲಿಗೆ ಹೋಗುವ ಹೆಂಗಸು. ಅವಳ ಅಂಗಳದಲ್ಲಿ ಅವನು ಬಂಗುಡೆ ತೂಗುತ್ತಿದ್ದಾಗ ಕಾರವಾರದ ಕಡೆಯಿಂದ ಬಂದ ಆಟೋ ಗೇಟಿನ ಮುಂದೆ ನಿಂತಿತು.

"ಬಿಣಗಾ ತಿರುವಲ್ಲಿ ಬೈಕ್ ಬಿದ್ದದೆ ಮಾರಾಯ್ರೆ!" ಆಟೋದವ ಕೆಳಗಿಳಿಯದೆಯೇ ಕೂಗಿದ. "ರಸ್ತೆ ತುಂಬ ಮೀನಿನ ನೀರು. ಒಬ್ಬ ಹುಡ್ಗ, ಒಬ್ಳು ಹುಡ್ಗಿ. ಹಳದಿ ವೇಲು ಕಂಡ್ತು, ಎಲ್ಲಾ ರಕ್ತ. ಜನ ಮುತ್ತಿಕೊಂಡಿದ್ರು, ಮುಖ ಕಾಣ್ಲಿಲ್ಲ."

ದೇವಿದಾಸನ ಕೈಯಿಂದ ತಕ್ಕಡಿ ಬಿತ್ತು. ಬೆಳಿಗ್ಗೆ ಸಪ್ನಾ ಹಾಕಿಕೊಂಡದ್ದು ಹಳದಿ ವೇಲು.

"ಅಯ್ಯೋ, ನನ್ನ ಮಗಳು ಗಾಯತ್ರಿ!" ಎಂದಳು ಬೀರಿ. "ಈಗಷ್ಟೇ ಅಣ್ಣ ಜಗದೀಶನ ಬೈಕಲ್ಲಿ ಕಾರವಾರಕ್ಕೆ ಕೆಲಸಕ್ಕೆ ಹೋದ್ಳು. ನೀ ಬರೂಕೂ ಅವ್ರು ಹೋಗೂಕೂ ಸರಿ ಆಯ್ತು."

"ಅವಳ ವೇಲು ಎಂತಾ ಬಣ್ಣ?"

"ನಾ ನೋಡ್ಲಿಲ್ಲ, ದೇವಿದಾಸಣ್ಣಾ. ಒಲೆ ಮುಂದೆ ಇದ್ದೆ. ನಾ ನೋಡ್ಲೇ ಇಲ್ಲ!"

ದೇವಿದಾಸ ರೋಷನನ ಮೊಬೈಲಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಮೊಬೈಲನ್ನು ಜೇಬಿಗೆ ತುರುಕಿದ. ಡ್ರಮ್ಮಿನ ಹಗ್ಗ ಬಿಚ್ಚಿ ಉರುಳಿಸಿದ. ಮೀನು ಅಂಗಳದ ತುಂಬ ಚೆಲ್ಲಿತು. ಡ್ರಮ್ಮು ಇದ್ದ ಜಾಗದಲ್ಲಿ ಬೀರಿ ಹತ್ತಿ ಕೂತಳು.

ದೇವರೇ, ನನ್ನ ಸಪ್ನಾ ಆಗದಿರಲಿ ಎಂದು ಅವನು ಬೇಡಿಕೊಂಡ. ಬೇಡಿದ ಮರುಗಳಿಗೆಯೇ ಆ ಬೇಡಿಕೆಯ ಅರ್ಥ ಹೊಳೆಯಿತು. ಬಿದ್ದವಳು ಒಬ್ಬಳು ಹುಡುಗಿ. ಸಪ್ನಾ ಅಲ್ಲದಿದ್ದರೆ ಮತ್ತೆ ಯಾರು? ಹೆಗಲ ಮೇಲೆ ಬೀರಿಯ ಕೈ ಗಟ್ಟಿಯಾಗಿ ಊರಿತ್ತು. ಬೆನ್ನ ಹಿಂದೆ ಅವಳೂ ಏನೋ ಗೊಣಗುತ್ತಿದ್ದಳು. ಒಂದೇ ಬೈಕಿನ ಮೇಲೆ ಕೂತು ಇಬ್ಬರೂ ದೇವರಲ್ಲಿ ಬೇಡುತ್ತಿದ್ದುದು ಒಂದೇ, ನನ್ನದಲ್ಲ, ಇನ್ನೊಬ್ಬರದಾಗಲಿ ಎಂದು. ಅದು ತಿಳಿದಾಗ ದೇವಿದಾಸನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವತ್ತು ಮೊದಲ ಸಲ ಅವನಿಗೆ ರಸ್ತೆ ಕಂಡಿತು. ಬಸ್ಸಿನ ಹಿಂದಿನಿಂದ ಇಣುಕುವ ಶಾಲೆಯ ಮಕ್ಕಳು. ಅಡ್ಡದಾರಿಯಿಂದ ಸೀದಾ ನುಗ್ಗುವ ಸೈಕಲ್ಲು. ನಡುರಸ್ತೆಯಲ್ಲಿ ಮಲಗಿದ ಎಮ್ಮೆ. ತಿರುವಿನಲ್ಲಿ ಉದುರಿಬಿದ್ದ ಅದಿರಿನ ಪುಡಿ. ಇದೆಲ್ಲ ದಿನಾ ಇಲ್ಲೇ ಇತ್ತೇ? ಇಷ್ಟು ವರ್ಷ ತಾನು ಹೇಗೆ ಬದುಕಿ ಉಳಿದೆ ಎಂದು ಭಯವಾಯಿತು.

ತಿರುವಿನ ಅಂಚಿನಲ್ಲಿ ರೋಷನನ ಬೈಕು ಕಂಡದ್ದೇ ಅವನು ಗಕ್ಕನೆ ಗಾಡಿ ನಿಲ್ಲಿಸಿದ. ಆ ಬೈಕು ಸ್ಟ್ಯಾಂಡ್ ಹಾಕಿ ನಿಂತಿದೆ, ಬಿದ್ದಿಲ್ಲ ಅನ್ನುವುದು ತಲೆಗೆ ಹೋಗಲು ಹೊತ್ತು ಹಿಡಿಯಿತು. ನಡುರಸ್ತೆಯಲ್ಲಿ ರೋಷನ ಹೆಲ್ಮೆಟ್ ಬೀಸುತ್ತ ಲಾರಿಗಳನ್ನು ತಡೆಯುತ್ತಿದ್ದ. ಪಕ್ಕದಲ್ಲಿ ಸಪ್ನಾ ಮೊಣಕಾಲೂರಿ ಕೂತು ತನ್ನ ಹಳದಿ ವೇಲನ್ನು ಯಾರದೋ ತಲೆಗೆ ಒತ್ತಿ ಹಿಡಿದಿದ್ದಳು.

"ಅಪ್ಪಾ!" ಎಂದು ಅವಳು ತಲೆ ಎತ್ತಿದಳು.

ದೇವಿದಾಸನ ಎದೆಯಿಂದ ದೊಡ್ಡ ಉಸಿರು ಹೊರಟಿತು. ಅದು ಪೂರ್ತಿ ಹೊರಬರುವ ಮೊದಲೇ ಬೀರಿ ಚೀರಿದಳು.

ಗಾಯತ್ರಿಯ ತಲೆ ಒಡೆದಿತ್ತು. ಒಂದು ಕಾಲು ವಿಚಿತ್ರವಾಗಿ ಮಡಚಿಕೊಂಡಿತ್ತು. ಹೆಲ್ಮೆಟ್ ಹಾಕಿದ್ದ ಜಗದೀಶ ಮೊಣಕೈ ಕೆತ್ತಿಸಿಕೊಂಡು ಪಕ್ಕದಲ್ಲಿ ಕೂತು ಅಳುತ್ತಿದ್ದ. "ಇಳಿಜಾರು ಅಂತ ಜೋರಾಗಿ ಬಿಟ್ಟೆ ಅಬ್ಬೇ, ನೀರು ಅದೆ ಅಂತ ಗೊತ್ತಾಗ್ಲಿಲ್ಲ."

"ಯಾರು ಬಿಟ್ರು ಈ ಹಾಳು ನೀರು?" ಬೀರಿ ಸುತ್ತ ನಿಂತವರನ್ನೆಲ್ಲ ಕೇಳಿದಳು.

"ಮೀನಿನ ಲಾರಿಯವ್ರೇ, ಮತ್ತ್ಯಾರು" ಎಂದರು ಯಾರೋ.

ರೋಷನ ಅಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮಾವಶಿ ಹೇಳಿದ್ದು ನೆನಪಿತ್ತು. ನೀವು ಈಗಷ್ಟೇ ಹೋಗಿದ್ರಿ, ತಿರುವು ಒದ್ದೆ ಇರ್ತದೆ ಅಂತ ಎರಡನೇ ಗೇರಿಗೆ ಇಳಿಸಿದ್ದೆ. ಅದಕ್ಕೇ ಇವ್ರ ಮೇಲೆ ನಮ್ಮ ಗಾಡಿ ಹೋಗ್ಲಿಲ್ಲ."

ಹೆತ್ತ ಮಗ ಅಪ್ಪನನ್ನೇ ಅಪಾಯ ಅಂತ ಲೆಕ್ಕಹಾಕಿ ಗಾಡಿ ಓಡಿಸಿದ್ದ. ಇದಕ್ಕಿಂತ ಇನ್ನೇನು ಬೇಕು? ಸುಮ್ಮನಿದ್ದರೆ ತಪ್ಪು ಲಾರಿಯವರ ತಲೆಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷ ಹಾಗೇ ಹೋಗಿತ್ತು.

"ಲಾರಿ ಅಲ್ಲ" ಎಂದ ದೇವಿದಾಸ. "ನಾನು. ನಾನೇ ಬಿಟ್ಟಿದ್ದು, ಬೀರಿ."

ಬೀರಿ ಅವನ ಮುಖ ನೋಡಿದಳು. "ಗಾಡಿ ತರ್ಸು ಮೊದ್ಲು" ಎಂದಳು.

ಗಾಯತ್ರಿ ಉಳಿದಳು. ತಲೆಗೆ ಒಂಬತ್ತು ಹೊಲಿಗೆ, ಕಾಲಿಗೆ ರಾಡು, ನಾಲ್ಕು ತಿಂಗಳು ಮಂಚ. ಕಾರವಾರದ ಕೆಲಸ ಹೋಯಿತು. ಸಪ್ನಾಳ ಪರೀಕ್ಷೆಯೂ ತಪ್ಪಿತು. ಗಾಯದ ಪಟ್ಟಿ ಬದಲಿಸಲು ಗಾಯತ್ರಿಯನ್ನು ದೇವಿದಾಸ ಆಟೋದಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆತಂದಾಗ ಪೂರ್ಣಿಮಾ, ನಾನು ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಅವನ ಡ್ರಮ್ಮು ಚಿಕ್ಕದು, ಬೂಚಿಗೆ ತಂತಿಯ ಬಿಗಿ. ಕರಗಿದ ನೀರು ಬೀಳುವುದು ಚೆಂಡಿಯಾದ ತೆಂಗಿನ ಬುಡಕ್ಕೆ. ತೂಕದ ಕಲ್ಲಿಗೆ ಬಟ್ಟೆಯ ಚೀಲ ಬಂತು, ಹೆಲ್ಮೆಟ್ ತಲೆಗೆ ಏರಿತು. ಬಂದರಿನಲ್ಲಿ ಉಳಿದವರಿಗೂ ಹೇಳುತ್ತಾನೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ಅವನು ನಗುವವರಿಗೆ ಮರುದಿನ ಮತ್ತೆ ಹೇಳುತ್ತಾನೆ.

ಬೀರಿ ಬಹಳ ದಿನ ಅವನ ಹತ್ತಿರ ಮೀನು ತೆಗೆದುಕೊಳ್ಳಲಿಲ್ಲ. ಗಾಯತ್ರಿ ಕೋಲು ಹಿಡಿದು ಅಂಗಳಕ್ಕೆ ಇಳಿದ ದಿನ ಬೀರಿ ಪಾತ್ರೆ ಹಿಡಿದು ಹೊರಗೆ ಬಂದಳು. ಬೈಕಿನ ಹತ್ತಿರ ಬಗ್ಗಿ, ಡ್ರಮ್ಮಿನ ತಳಕ್ಕೆ ಅಂಗೈ ಒತ್ತಿ ನೋಡಿದಳು. ಕೈ ಒದ್ದೆಯಾಗಲಿಲ್ಲ. ಆಮೇಲೆ ಪಾತ್ರೆ ಮುಂದೆ ಚಾಚಿದಳು. ಇವತ್ತಿಗೂ ದಿನಾ ಹಾಗೇ, ಮೊದಲು ಅಂಗೈ, ಆಮೇಲೆ ಪಾತ್ರೆ.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ ಗಾಡಿ ಹತ್ತುವ ಮೊದಲು ಒಂದು ಬೀಡಿ ಮುಗಿಯುವಷ್ಟು ಹೊತ್ತು ನಿಲ್ಲಿ. ಬೀಡಿ ಸೇದಬೇಡಿ, ಪೂರ್ಣಿಮಾ ಬೈದಾಳು. ಬ್ರೇಕು ನೋಡಿ, ಟೈರು ನೋಡಿ, ಹೊತ್ತ ಸಾಮಾನು ಸೋರುತ್ತಿದೆಯೇ ನೋಡಿ. ಹೆಲ್ಮೆಟ್ ನೀವೂ ಹಾಕಿ, ಹಿಂದೆ ಕೂತವರಿಗೂ ಹಾಕಿಸಿ. ಕಾಣದ ತಿರುವಿನಲ್ಲಿ ವೇಗ ಇಳಿಸಿ. ಯಾರೋ ಮಾಡುತ್ತಾರೆ, ಅದಕ್ಕೆ ನಾನೂ ಮಾಡುತ್ತೇನೆ ಅನ್ನಬೇಡಿ. ನೀವು ಬಿಟ್ಟುಹೋದ ರಸ್ತೆಯಲ್ಲಿ ನಿಮ್ಮ ಹಿಂದೆಯೇ ನಿಮ್ಮ ಮಕ್ಕಳು ಬರುತ್ತಿರಬಹುದು. ನಿಮ್ಮ ಮಕ್ಕಳಲ್ಲದಿದ್ದರೆ ಬೀರಿಯ ಮಕ್ಕಳು.