ಐದು ಮನೆಯ ಮಧುಕರಿ

ನನ್ನ ಮಗ ಅಮೋಘಸಿದ್ದನಿಗೆ ಆಗ ಏಳು ವರ್ಷ. ಕುತ್ತಿಗೆ ನಿಲ್ಲುತ್ತಿರಲಿಲ್ಲ, ಮಾತು ಬಂದಿರಲಿಲ್ಲ. ಬಿಸಿಲು ಹೆಚ್ಚಾದರೆ ಫಿಟ್ಸ್ ಬರುತ್ತಿತ್ತು. ಗಂಜಿ ಕುಡಿಸುವಾಗ ತಲೆಯನ್ನು ಒಂದು ಕಡೆ ವಾಲಿಸಿ ಚಮಚದ ತುದಿಯಿಂದ ಹನಿಹನಿಯಾಗಿ ಬಿಡಬೇಕು. ನುಂಗಿದ ಸಪ್ಪಳ ಕೇಳಿದ ಮೇಲೆಯೇ ಮುಂದಿನ ಹನಿ. ಒಮ್ಮೆ ನಮ್ಮ ಅತ್ತೆ ಅವಸರದಲ್ಲಿ ಕುಡಿಸಲು ಹೋಗಿ ಗಂಜಿ ನೆತ್ತಿಗೇರಿ ಕೂಸು ನೀಲಿಯಾಗಿತ್ತು. ಅಂದಿನಿಂದ ಅವನನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಅವನ ಅಪ್ಪ ಕೈ ಚಾಚಿದರೂ ಕೊಡುತ್ತಿರಲಿಲ್ಲ.

ಎಂಬತ್ಮೂರರಲ್ಲಿ, ಜೋಳದ ರಾಶಿ ಮುಗಿಯುವ ಹೊತ್ತಿಗೆ, ದತ್ತನ ಸೇವೆ ಮಾಡುತ್ತೇನೆಂದು ಹರಕೆ ಹೊತ್ತು ಕಿಣ್ಣಿ ಸುಲ್ತಾನದಿಂದ ಗಾಣಗಾಪುರಕ್ಕೆ ಬಂದೆ. ನನ್ನ ಗಂಡ ಬೀರಲಿಂಗಪ್ಪ ಚೌಡಾಪುರದವರೆಗೆ ಬಂದು ಬಸ್ಸು ಹತ್ತಿಸಿ ಹೊಲಕ್ಕೆ ಮರಳಿದರು. ಸೇವೆಗೆ ಕೂತವರು ದಿನಾ ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆಗಳ ಬಾಗಿಲಲ್ಲಿ ಬೇಡಬೇಕು, ಬಂದದ್ದನ್ನೇ ಉಣ್ಣಬೇಕು. ಅಲ್ಲಿ ಅದಕ್ಕೆ ಮಧುಕರಿ ಎನ್ನುತ್ತಾರೆ. ಮಗನ ಹೆಸರಿನ ಸೇವೆ ನನ್ನ ಕಾಲಿನಿಂದಲೇ ಆಗಬೇಕಿತ್ತು. ಹಾಗಾಗಿ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದೆ.

ಮೂರನೆಯ ದಿನ ಓಣಿಯ ನಡುವೆಯೇ ಅವನಿಗೆ ಫಿಟ್ಸ್ ಬಂತು. ನೆಲಕ್ಕೆ ಕೂತು ಅವನನ್ನು ಮಗ್ಗುಲಾಗಿ ಮಲಗಿಸಿದೆ. ಜನ ಮುತ್ತಿಕೊಂಡರು.

“ಕೈಯಾಗ ಕಬ್ಬಿಣ ಕೊಡ್ರಿ, ಕೀಲಿ ಕೊಡ್ರಿ!”

“ಉಳ್ಳಾಗಡ್ಡಿ ತರ್ರಿ ಮೂಗಿಗೆ!”

ಅಷ್ಟರಲ್ಲಿ ಒಬ್ಬಾಕೆ ಗುಂಪನ್ನು ಸೀಳಿ ಬಂದಳು. ಆಕೆಯ ನಡುವಿಗೆ ಹಳೆಯ ಸೀರೆಯ ಪಟ್ಟಿಯೊಂದನ್ನು ಕಟ್ಟಿತ್ತು. ಅದರ ಇನ್ನೊಂದು ತುದಿ ದೊಡ್ಡ ಹುಡುಗಿಯೊಬ್ಬಳ ನಡುವಿಗಿತ್ತು. “ಸರೀರಿ, ಗಾಳಿ ಆಡ್ಲಿ! ನಿಮ್ಮ ಕೀಲಿ ನಿಮ್ಮ ಮನಿಗೆ ಹಾಕ್ರಿ!” ಎಂದು ಗದರಿ, ಸೆರಗು ಬಿಡಿಸಿ ಮಗುವಿಗೆ ನೆರಳು ಮಾಡಿ ನಿಂತಳು. ಫಿಟ್ಸ್ ಇಳಿಯುವವರೆಗೂ ನನ್ನ ಕೈಗಳನ್ನೇ ನೋಡುತ್ತಿದ್ದಳು.

ಮಟಕಿ ಊರಿನ ಹೀರಾಬಾಯಿ ಆಕೆ, ಲಿಂಗಾಯತರ ಹೆಣ್ಣುಮಗಳು. ಮಗಳು ಗುರಮ್ಮನಿಗೆ ತಿಳುವಳಿಕೆ ಬೆಳೆದಿರಲಿಲ್ಲ. ಬಿಟ್ಟರೆ ಓಡುತ್ತಿದ್ದಳು, ಬಾವಿಯೋ ಬಸ್ಸೋ ಅವಳಿಗೆ ಎಲ್ಲ ಒಂದೇ. ನಾವಿಬ್ಬರೂ ಒಂದೇ ಧರ್ಮಶಾಲೆಯಲ್ಲಿದ್ದೆವು. ಒಂದೇ ತಾಲೂಕಿನವರಾದರೂ ಮೊದಲು ಮುಖ ನೋಡಿದ್ದು ಅಲ್ಲಿಯೇ.

“ನಮ್ಮ ಮನ್ಯಾಗ ಬೇಡೋದಂದ್ರ ಪಾಪ, ತಂಗಿ. ದುಡದು ಉಣ್ರಿ ಅಂತಾರ,” ಎಂದಳು ಹೀರಾಬಾಯಿ. “ನಾ ನೋಡಿದ್ರ ಕೊಳ್ಳಾಗ ಲಿಂಗ, ಕೈಯಾಗ ಜೋಳಗಿ! ನಮ್ಮ ಮಾವಗ ಗೊತ್ತಾದ್ರ ಎದಿ ಒಡದೇ ಸಾಯ್ತಾನ.” ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಾಳಿ ಕೂಸಿನ್ನ ನನ್ನ ಕಡೆ ಬಿಟ್ಟು ಹೋಗು,” ಎಂದಳು.

“ಬ್ಯಾಡ್ರಿ ಅಕ್ಕಾ. ಅವಂಗ ಗಂಜಿ ನನ್ನ ಕೈಯಾಗಷ್ಟೇ ಇಳೀತದ.”

“ಬಿಸಲಾಗ ಹೊತ್ಗೊಂಡು ತಿರುಗಿ ದಿನಾ ಫಿಟ್ಸ್ ತರಸ್ತೀಯೇನು? ಅದೇನು ಸೇವಾ ಅಂತೀಬೇ?”



ಮರುದಿನ ಮಗನನ್ನು ಆಕೆಯ ತೊಡೆಯ ಮೇಲಿಟ್ಟೆ. ತಲೆ ಎಷ್ಟು ವಾಲಿಸಬೇಕು, ಚಮಚ ಹೇಗೆ ಹಿಡಿಯಬೇಕು, ಫಿಟ್ಸ್ ಬಂದರೆ ಯಾವ ಮಗ್ಗುಲು, ಎಲ್ಲ ಹೇಳಿದೆ. ಬಾಗಿಲತನಕ ಹೋಗಿ ತಿರುಗಿ ಬಂದು ಮತ್ತೆ ಹೇಳಿದೆ.

“ಹೋಗ್ತೀಯೋ ಇಲ್ಲೋ? ಹೊತ್ತು ಮೀರಿದ್ರ ಮಂದಿ ಉಂಡು ಮಕ್ಕೊಂತಾರ,” ಎಂದಳು.

ಓಣಿಗೆ ಬಂದರೆ ನಡೆಯಲು ಬರಲಿಲ್ಲ. ದೇಹ ಒಂದು ಕಡೆ ಹಗುರವಾಗಿ ಇನ್ನೊಂದು ಕಡೆ ಜೋಲಿ ಹೊಡೆಯುತ್ತಿತ್ತು. ಮೊದಲ ಮನೆಯ ಮುದುಕಿ ರೊಟ್ಟಿ ಹಾಕುತ್ತಾ, “ಸೊಂಟ ಯಾಕ ಹಂಗ ಹೊರಗ ಹಾಕಿ ನಿಂತೀಯವ್ವಾ? ಕೊಡ ಎಲ್ಲೆರೆ ಮರತು ಬಂದಿಯೇನು?” ಎಂದು ಕೇಳಿದಳು. ನೋಡಿಕೊಂಡೆ. ಎಡಗೈ ಬಳಸಿಯೇ ಇತ್ತು, ಒಳಗೆ ಯಾರೂ ಇರಲಿಲ್ಲ. ನಾಚಿಕೆಯಾಗಿ ಕೈ ಕೆಳಗೆ ಬಿಟ್ಟೆ.

ಮೂರನೆಯ ಮನೆ ದಾಟುವಷ್ಟರಲ್ಲಿ ಆ ಕೈ ತಾನಾಗಿಯೇ ಬೀಸತೊಡಗಿತು. ಏಳು ವರ್ಷದಿಂದ ಅದು ಬೀಸಿರಲಿಲ್ಲ. ತಲೆಯೆತ್ತಿದರೆ ಮಾಳಿಗೆಗಳ ಮೇಲೆ ಆಕಾಶ ಅಷ್ಟು ದೊಡ್ಡದಾಗಿತ್ತು. ಮಗನ ಬಾಯಿ, ಮಗನ ಕಣ್ಣು ನೋಡುತ್ತ ನಡೆಯುವವಳಿಗೆ ಅದು ಯಾವತ್ತು ಕಂಡೀತು? ಸಂತೋಷ ಅನಿಸಿತು, ಕೂಡಲೇ ಹೆದರಿಕೆಯೂ ಆಯಿತು. ಮಗನನ್ನು ಇಷ್ಟು ಹೊತ್ತು ನೆನೆಯದೆ ಇದ್ದೆನೇ? ಐದನೆಯ ಮನೆಯಾಕೆ ಹಾಕಿದ ಹುಗ್ಗಿಯನ್ನು ಎಲೆಯಲ್ಲಿ ಹಿಡಿದು ಓಡುತ್ತಲೇ ಬಂದೆ.

ಧರ್ಮಶಾಲೆಯ ಬಾಗಿಲಲ್ಲಿ ನಿಂತಾಗ ನೋಡಿದೆ: ಅವನಿಗೆ ಫಿಟ್ಸ್ ಬಂದಿತ್ತು. ನಾನು ಮುನ್ನುಗ್ಗಿದೆ.

“ಅಲ್ಲೇ ನಿಲ್ಲು,” ಎಂದಳು ಹೀರಾಬಾಯಿ, ತಿರುಗಿಯೂ ನೋಡದೆ. “ಇಳ್ಯಾಕತ್ತದ.”

ಯಾಕೆ ನಿಂತೆನೋ ತಿಳಿಯದು. ನಿಂತೆ. ಆಕೆ ಅವನನ್ನು ಮಗ್ಗುಲಾಗಿ ಹಿಡಿದಿದ್ದಳು, ಅಂಗೈ ಗಲ್ಲದ ಕೆಳಗಿತ್ತು. ನಾನು ಹೇಳದೆ ಬಿಟ್ಟದ್ದನ್ನೂ ಮಾಡುತ್ತಿದ್ದಳು, ಬೆನ್ನ ಮೇಲೆ ಕೈಯಾಡಿಸುತ್ತ ಗುಣುಗುಣು ಅನ್ನುತ್ತಿದ್ದಳು. ನಿನ್ನೆ ಓಣಿಯಲ್ಲಿ ನಾನು ಹಾಗೆ ಮಾಡಿದ್ದನ್ನು ಕಂಡಿರಬೇಕು. ಪಟ್ಟಿಯ ಆ ತುದಿಯಲ್ಲಿ ಗುರಮ್ಮ ಓಡದೆ ಕುಕ್ಕರುಗಾಲಲ್ಲಿ ಕೂತು ಅವನ ಪಾದ ಹಿಡಿದುಕೊಂಡಿದ್ದಳು.

ಫಿಟ್ಸ್ ಬಂದಾಗಲೆಲ್ಲ ನಾನು ಒರೆಸುವುದು, ಹಿಡಿಯುವುದು, ಉಸಿರು ನೋಡುವುದರಲ್ಲೇ ಇರುತ್ತಿದ್ದೆ. ಅದು ಇಳಿಯುವಾಗ ಅವನ ಮುಖ ಹೇಗಿರುತ್ತದೆಂದು ದೂರ ನಿಂತು ನೋಡಿರಲೇ ಇಲ್ಲ. ಮೊದಲು ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಹುಬ್ಬಿನ ಗಂಟು ಸಡಿಲಾಯಿತು. ಆಮೇಲೆ ಕಣ್ಣುಗಳು ಎಲ್ಲೋ ಬಹಳ ದೂರದಿಂದ ನಡೆದು ಬಂದವು. ಬಂದು ಹೀರಾಬಾಯಿಯ ಮುಖದ ಮೇಲೆ ನಿಂತವು, ಯಾರು ಇವಳು ಎಂದು ಕೇಳಿದಂತೆ. ಕೇಳಿ, ಒಪ್ಪಿಕೊಂಡವು. ನನ್ನ ಹುಡುಗ ಆ ಅಪರಿಚಿತ ತೊಡೆಯ ಮೇಲೆ ಉದ್ದ ಉಸಿರು ಬಿಟ್ಟ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಮಠದಲ್ಲಿ ದತ್ತನ ಪಾದುಕೆಯ ಮುಂದೆಯೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

“ಗಂಜಿ?” ಎಂದು ಕೇಳಿದೆ.

“ಕುಡದಾನ. ಪೂರ್ತಿ ಅಲ್ಲ, ಅರ್ಧ. ಎಷ್ಟು ಹೊತ್ತು ತಗೋತಾನ ತಂಗಿ, ನಮ್ಮ ಮಾವನಂಗ!” ಎಂದಳು. “ನೀ ಮೊದಲು ಉಣ್ಣು. ಅವ ಎಲ್ಲಿ ಓಡಿ ಹೋಗ್ತಾನ? ಓಡಾಕಿ ನನ್ನ ಮಗಳು.”

ಕೂತು ಉಂಡೆ. ರೊಟ್ಟಿ ಇನ್ನೂ ಮೆತ್ತಗಿತ್ತು, ಹುಗ್ಗಿ ಬೆಚ್ಚಗಿತ್ತು. ಮಗನಿಗಿಂತ ಮೊದಲು ಉಣ್ಣುವುದು ತಪ್ಪೇನೋ ಎಂದು ತುತ್ತುತುತ್ತಿಗೂ ಅವನ ಕಡೆ ನೋಡುತ್ತಿದ್ದೆ. ಅವನು ಗುರಮ್ಮನ ಬಳೆ ನೋಡುತ್ತಿದ್ದ.

ಕೈ ತೊಳೆದು ಬಂದು, “ನೀವು ಐದು ಮನಿ ಮುಗಿಸಿ ಬರ್ರಿ ಅಕ್ಕಾ. ಗುರಮ್ಮನ್ನ ನಾ ಹಿಡಕೋತೇನಿ,” ಎಂದೆ.

ಹೀರಾಬಾಯಿಯ ಮುಖದಲ್ಲಿ ಮೊದಲ ಸಲ ಅಂಜಿಕೆ ಕಂಡಿತು. “ಆಕಿ ಭಾಳ ಜಗ್ತಾಳ. ನಿನಗ ಆಗತದೇನು?”

“ಗೊತ್ತಿಲ್ರಿ. ಆಗತದೋ ಇಲ್ಲೋ.”

ಆಕೆ ತನ್ನ ನಡುವಿನ ಗಂಟನ್ನು ಬಿಚ್ಚತೊಡಗಿದಳು. ಹಳೆಯ ಗಂಟು, ಬೇಗ ಬಿಚ್ಚಲಿಲ್ಲ. ನಾನು ಮಗನನ್ನು ಎತ್ತಿಕೊಂಡು, ಆ ಪಟ್ಟಿಯನ್ನು ನನ್ನ ನಡುವಿಗೆ ಕಟ್ಟಿಸಿಕೊಳ್ಳಲು ಆಕೆಯ ಮುಂದೆ ಹೋಗಿ ನಿಂತೆ.